ಕರಿಕಾಳು

ಕುಶಾಲನಗರದಾಚೆ, ಕೂಡ್ಲೂರಿನ ಶೆಡ್ಡಿಗೆ ಹೊಸ ಯಂತ್ರ ಬಂತು.
ಕಾಫಿ ಜಾರುವಾಗಲೇ ಬಣ್ಣ ನೋಡುತ್ತದೆ,
ಕಪ್ಪು ಕಂಡರೆ ಉಫ್ ಎಂದು ಒಂದು ಗಾಳಿ.
ಅಷ್ಟೇ.

ಮೂವತ್ತೆಂಟು ಹೆಂಗಸರು ಮೊರದ ಮುಂದೆ ಕೂತು
ಇದನ್ನೇ ಮಾಡುತ್ತಿದ್ದರು,
ನಡುನಡುವೆ ಮಗಳ ನಿಕಾಹ್, ಗಂಡನ ಕೆಮ್ಮು,
ಶುಂಠಿಗದ್ದೆಯಲ್ಲಿ ಕೂಲಿ ಎಷ್ಟಾಯಿತೆಂಬ ಮಾತು.

ಸಬ್ಸಿಡಿಯ ಅರ್ಜಿ ತುಂಬಿದವನು ನಾನು.
‘ಸೃಷ್ಟಿಯಾಗುವ ಉದ್ಯೋಗ’: ಎರಡು, ಎಂದು ಬರೆದೆ.
ಕಳೆಯುವ ಲೆಕ್ಕಕ್ಕೆ ಖಾನೆಯೇ ಇರಲಿಲ್ಲ;
ಹುಡುಕಿದೆ, ಹಾಳೆ ತಿರುವಿಯೂ.
‘ಹಿಂದುಳಿದ ತಾಲ್ಲೂಕೇ?’ ಎಂಬಲ್ಲಿ
ಪೆನ್ನು ಸ್ವಲ್ಪ ಹೊತ್ತು ನಿಂತಿತು.
ಬೆಲೆ ಲಂಡನ್ನಿನಲ್ಲಿ ಏಳುತ್ತದೆ, ಮಲಗುತ್ತದೆ;
ನಮ್ಮದು ಸಿಪ್ಪೆ ಸುಲಿಯುವ ಕೆಲಸ.
ಹುರಿದು, ಪುಡಿಮಾಡಿ, ಡಬ್ಬಿಗೆ ಹೆಸರು ಅಂಟಿಸುವವರು
ಬೇರೆ ಊರಲ್ಲಿ ಸಾಹುಕಾರರಾಗುತ್ತಾರೆ.

ಐಸಮ್ಮನನ್ನು ಮಾತ್ರ ಉಳಿಸಿಕೊಂಡೆವು,
ಯಂತ್ರ ಉಗಿದ ರಾಶಿಯಲ್ಲಿ
ತಪ್ಪಿ ಬಿದ್ದ ಒಳ್ಳೆಯ ಕಾಳು ಆರಿಸಲು.
ಸಂಜೆ ಸೆರಗಿನ ತುಂಬ ತಂದು
ನನ್ನ ಮೇಜಿನ ಮೇಲೆ ಸುರಿದಳು:
‘ನೋಡಿ, ಇದಕ್ಕೂ ಕಣ್ಣು ಮಂಜು.’

ಅರ್ಜಿಯ ನಕಲಿನ ಮೇಲೆ ಉರುಳಿದ ಕಾಳುಗಳನ್ನು
ಯಾಕೋ ಒಂದೊಂದಾಗಿ ಎಣಿಸತೊಡಗಿದೆ.

‘ಎಣಿಸಬೇಡಿ ಸಾರ್,’ ಅಂದಳು,
‘ತೂಗಿ.’