ಷರಾ

ಎಲ್ಲಾ ಡಿಲೀಟ್ ಮಾಡಿದ್ದೀನಮ್ಮ, ಬುಟ್ಟೀನೂ ಖಾಲಿ ಮಾಡಿದ್ದೀನಿ,
ಅಂದರು ಧರಣಪ್ಪನವರು.
ಮೆಟ್ಟಿಲು ಹತ್ತಿದ ಏದುಸಿರು ಇನ್ನೂ ಇಳಿದಿರಲಿಲ್ಲ.
ಕೆಳಗೆ ಹಾಸನದ ಸಂತೆಪೇಟೆ, ಬೀಜದ ಆಲೂಗೆಡ್ಡೆ ಮಂಡಿ,
ಮೇಲೆ ನನ್ನ ರಿಪೇರಿ ಅಂಗಡಿ;
ಮೇ ತಿಂಗಳಲ್ಲಿ ಇಲ್ಲಿ ಕೀಬೋರ್ಡುಗಳೂ ಮಣ್ಣಿನ ವಾಸನೆ ಹೊಡೆಯುತ್ತವೆ.

ಹದಿನಾಲ್ಕು ವರ್ಷ ನಡೆಸಿದ ವಧೂವರರ ಕೇಂದ್ರ ಮುಚ್ಚಿದ್ದಾರೆ.
ಲ್ಯಾಪ್‌ಟಾಪು ಯಾರಿಗೋ ನಾಲ್ಕು ಸಾವಿರಕ್ಕೆ ಮಾತಾಗಿದೆ.
ಕೊಡೋ ಮುಂಚೆ ಒಂದು ಸಲ ಒರೆಸಿಕೊಡು, ಅಂದರು,
ಮೇಜು ಒರೆಸು ಅನ್ನುವ ಹಾಗೆ.

ಸ್ಲೇಟು ನೆನಪಿದೆಯಾ ಸಾರ್?
ಎಂಜಲು ಹಚ್ಚಿ ಉಜ್ಜಿದರೆ ಕಪ್ಪಗೆ ಮಿಂಚೋದು,
ಒಣಗಿದ ಮೇಲೆ ಮತ್ತೆ ಮೂಡೋದು ತಪ್ಪಿದ ಲೆಕ್ಕ.
ಅವರು ನಂಬಲಿಲ್ಲ.
ಡಿಸ್ಕು ಕೆರೆದು ತೋರಿಸಿದೆ. ಎರಡೇ ನಿಮಿಷ.
ಸ್ಟುಡಿಯೋದ ನೀಲಿ ಪರದೆಯ ಮುಂದೆ ಒಬ್ಬಳು ಎದ್ದು ನಿಂತಳು,
ಕೈ ಎಲ್ಲಿಡಬೇಕೆಂದು ತಿಳಿಯದೆ ಸೆರಗು ಹಿಡಿದವಳು.
ಅವಳ ಹಿಂದೆಯೇ ಒಂದು ಪಟ್ಟಿ:
ಹೆಸರು, ನಕ್ಷತ್ರ, ಎತ್ತರ, ಸಂಬಳ, ಕೊನೆಗೆ ಷರಾ.

ಷರಾ: ಮಾತು ಜಾಸ್ತಿ.
ಷರಾ: ತಂದೆಗೆ ಕುಡಿತ, ಒಳ್ಳೆ ಜನ.
ಷರಾ: ಮೊದಲೊಂದು ತಪ್ಪಿದೆ, ಹೇಳಬಾರದು.
ಷರಾ: ಫೋಟೋದಷ್ಟು ಇಲ್ಲ.

ಮುಚ್ಚಮ್ಮ, ಮುಚ್ಚು, ಅಂದರು.
ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಉಜ್ಜಿದರು.
ಎಷ್ಟು ಜನ ಸಾರ್?
ಮೂರು ಸಾವಿರದ ಚಿಲ್ಲರೆ.

ಯಂತ್ರ ತಾನು ಕೂತ ಕೊಂಬೆಯನ್ನು ತಾನೇ ಕಡಿಯಲಾರದು,
ಹೊರಗಿಂದ ಬೇರೊಂದು ಎಬ್ಬಿಸಬೇಕು.
ಎಂಟು ಜೀಬಿಯ ಪೆನ್‌ಡ್ರೈವು, ಕೆಂಪು ದಾರ ಕಟ್ಟಿದ್ದು.
ಬೂಟ್ ಆಗುವ ಹಾಗೆ ಮಾಡಲು ಮೊದಲು ಅದನ್ನೇ ಬರಿದು ಮಾಡಬೇಕು.
ಅದರಲ್ಲಿದ್ದದ್ದು ತಂಗಿಯ ಸೀಮಂತದ ವಿಡಿಯೋ,
ಒಂದು ಟೈಪಿಂಗ್ ಪಾಠ, ಹೊಸ ಫೋಲ್ಡರ್ ಮೂರು. ಹೋಗಲಿ.
ಇಳಿಸಿದ ಐಎಸ್‌ಓ ಫೈಲನ್ನು ಸುಮ್ಮನೆ ತಂದು ಸುರಿದರೆ ಏಳುವುದಿಲ್ಲ;
ಕಣ್ಣು ಮೇಲಾಗಿ ನೆಡಬೇಕು,
ಕೆಳಗೆ ಮಂಡಿಯವರು ಹೇಳಿಕೊಡುವ ಹಾಗೆ.

ಎಫ್ ಹನ್ನೆರಡು ಕುಟ್ಟಿ ಕುಟ್ಟಿ, ಸೆಕ್ಯೂರ್ ಬೂಟಿನ ಅಗುಳಿ ತೆಗೆದು,
ಕಪ್ಪು ತೆರೆಯ ಮೇಲೆ ಎರಡು ಹೆಸರು:
ಎಸ್‌ಡಿಎ, ಎಸ್‌ಡಿಬಿ. ಒಂದು ಅವರದು, ಒಂದು ನನ್ನದು.
ಕೈ ತಪ್ಪುವುದು ಇಲ್ಲೇ.
ಗಾತ್ರ ನೋಡಿ, ನಂಬರು ನೋಡಿ,
ಅವರು ಗೋತ್ರ ವಿಚಾರಿಸುತ್ತಿದ್ದ ಹಾಗೆ ಎರಡೆರಡು ಸಲ ವಿಚಾರಿಸಿದೆ.

ರಾತ್ರಿಯೆಲ್ಲಾ ಓಡುತ್ತೆ, ನಾಳೆ ಬನ್ನಿ, ಅಂದೆ. ಹೋದರು.

ಅವರಿಗೆ ನೆನಪಿಲ್ಲ.
ಒಂಬತ್ತು ವರ್ಷದ ಹಿಂದೆ ಅಪ್ಪ ಆಲೂರಲ್ಲಿ ಬಸ್ಸು ಹತ್ತಿಸಿ ತಂದು
ನನ್ನನ್ನೂ ಅವರ ಮೇಜಿನ ಮುಂದೆ ಕೂರಿಸಿದ್ದರು.
ಐನೂರು ರೂಪಾಯಿ, ಎರಡು ಫೋಟೋ.
ಅವರು ನನ್ನ ನೋಡಿ ಏನೋ ಟೈಪು ಮಾಡಿದರು,
ಒಂದೇ ಬೆರಳಲ್ಲಿ, ಬಹಳ ಹೊತ್ತು.
ಅಷ್ಟು ಹೊತ್ತು ಬರೆಯುವಂಥದ್ದು ನನ್ನಲ್ಲಿ ಏನಿತ್ತು?
ಹುಡುಕಿದರೆ ಹತ್ತು ನಿಮಿಷ ಸಾಕು.
ಎಂಟರ್ ಮೇಲೆ ಬೆರಳಿಟ್ಟು ಕೂತೆ. ಟೀ ಆರಿತು,
ಮಂಡಿಯ ಶಟರು ಎಳೆದರು, ಕೊನೆಯ ಲಾರಿ ಹಿಂದಕ್ಕೆ ಬರುವ ಪೀಪೀ ನಿಂತಿತು.

ಒತ್ತಿದೆ.

ಸೊನ್ನೆ, ಸೊನ್ನೆ, ಸೊನ್ನೆ. ಹಳೇ ಡಿಸ್ಕಿನ ತಟ್ಟೆ ತಿರುಗುವ ಸದ್ದು,
ಕೊನೆಯ ಸೇರು ರಾಗಿ ಬಿದ್ದ ಗಿರಣಿಯದು.
ಯಾರದೋ ಎತ್ತರದ ಮೇಲೆ ಸೊನ್ನೆ,
ಯಾರದೋ ಮೂಲಾ ನಕ್ಷತ್ರದ ಮೇಲೆ ಸೊನ್ನೆ.
ನನ್ನ ಹೆಸರಿನಲ್ಲಿ ಹುಟ್ಟಿದಾಗಿಂದಲೇ ಎರಡಿವೆ.

ಬೆಳಿಗ್ಗೆ ಬಂದರು, ಮುನ್ನೂರು ಎಣಿಸಿದರು,
ರಸೀದಿ ಕೊಡಮ್ಮ ಅಂದರು. ಕೊಟ್ಟೆ.
ಸಹಿಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು:
ಕೆಂಚಾಂಬ.
ಎಲ್ಲೋ ಕೇಳಿದ ಹಾಗಿದೆಯಲ್ಲ.

ಆಲೂರು ಕಡೆ ಮನೆಗೊಬ್ಬರು ಇದ್ದೀವಿ ಸಾರ್, ಅಂದೆ,
ಪೆನ್‌ಡ್ರೈವಿನ ದಾರ ಬೆರಳಿಗೆ ಸುತ್ತಿಕೊಳ್ಳುತ್ತಾ.