ಗೆಲ್

ಮಾಚೇನಹಳ್ಳಿಯಲ್ಲಿ ಮಧ್ಯಾಹ್ನ ಒಂದೂವರೆ ಆದಾಗ
ಹೋರ್ಸೆನ್ಸಿನಲ್ಲಿ ಆಫೀಸು ತೆರೆಯುತ್ತದೆ;
ಬೇಸಿಗೆಯಲ್ಲಾದರೆ ಒಂದು ತಾಸು ಮೊದಲೇ.
ಟಿಫಿನ್ ಡಬ್ಬಿ ತೊಳೆದು ಬೋರಲು ಹಾಕಿ
ಒದ್ದೆ ಕೈಯಲ್ಲೇ ಒತ್ತುತ್ತೇನೆ: ಸೊನ್ನೆ ಸೊನ್ನೆ ನಾಲ್ಕು ಐದು.
ಹಿಂದೆ ಕುಲುಮೆಗೆ ಊಟದ ಬಿಡುವಿಲ್ಲ.

ಇನ್‌ವಾಯ್ಸ್ ನಾನೂರ ಹದಿನೇಳು.
ಒಲೆಯ ಬಾಗಿಲು, ಬೀಡು ಕಬ್ಬಿಣ, ಆರುನೂರ ನಲವತ್ತು.
ತಲಾ ಹದಿನಾಲ್ಕು ಕೇಜಿ.
ಬಾಗಿಲ ನಡುವೆ ಒಂದು ಎಲೆ.
ಅವರು ಕಳಿಸಿದ ಚಿತ್ರದಲ್ಲಿದ್ದದ್ದು ಓಕ್ ಎಲೆ,
ರವೂಫ್ ಚಾಚಾ ಅಚ್ಚು ಕೆತ್ತುವಾಗ
ಹೇಗೋ ಅದು ಎಳೆ ಹಲಸಿನೆಲೆಯಾಗಿ ಹೋಯಿತು.
ಅವರು ಒಪ್ಪಿದರು. "ವೆರಿ ನೈಸ್" ಎಂದು ಬರೆದರು.
ಆ ನೈಸಿನ ಬೆಲೆ
ಒಂದು ಲಕ್ಷ ಎಂಬತ್ತು ಸಾವಿರ ಕ್ರೋನ್.

ಮೊದಲ ಪತ್ರಕ್ಕೆ ಉತ್ತರ ಬಂತು.
ಎರಡನೆಯದಕ್ಕೂ.
ಮೂರನೆಯದು ಹೋಗುವಾಗ ಅಲ್ಲಿ ಜುಲೈ,
ಇಡೀ ಕಂಪನಿಯೇ ಸಮುದ್ರದ ದಡದಲ್ಲಿ ಬಿಸಿಲು ಕಾಯಿಸುತ್ತಿತ್ತು.
ಪ್ರತಿ ಪತ್ರದ ಅಡಿಗೂ "ವೆನ್ಲಿ ಹಿಲ್ಸೆನ್",
ಅಂದರೆ, ಸ್ನೇಹದ ವಂದನೆ.
ನಮ್ಮ ಹಾಲೇಶಪ್ಪನವರು ಅದನ್ನು ಆಸಾಮಿಯ ಹೆಸರೆಂದೇ ತಿಳಿದಿದ್ದರು.
"ಏನಂತಮ್ಮ ಆ ಹಿಲ್ಸನ್ನು? ಈ ವಾರನಾದ್ರೂ ಹಾಕ್ತಾನಾ?"

ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ.
ಇದನ್ನು ಇಂಗ್ಲಿಷಿಗೆ ತರಲು ಒಂದಿಡೀ ಮಧ್ಯಾಹ್ನ ಕೂತೆ.
ಆಗಲಿಲ್ಲ.
"ಕೈಂಡ್ಲಿ" ಎಂದು ಶುರುಮಾಡಿ ಕಳಿಸಿದೆ.

ಆಮೇಲೆ ಸಿಕ್ಕಿದಳು ವಕೀಲೆ ಬಿರ್ಗಿಟ್ಟೆ.
ಫೋನಿನಲ್ಲಿ, ಜ್ವರದವರ ಹತ್ತಿರ ಮಾತಾಡುವಷ್ಟು ನಿಧಾನ.
ಬಾಗಿಲಲ್ಲಿ ನಿಂತು ಕೂಗಾಡುವ ಪದ್ಧತಿ ಇಲ್ಲಿಲ್ಲ, ಅಂದಳು,
ಮೊದಲು ಎಚ್ಚರಿಕೆ ಪತ್ರ, ಅದಕ್ಕೆ ಹತ್ತು ದಿನದ ಗಡುವು,
ಆಮೇಲೆ ಕೋರ್ಟು. ಬಡ್ಡಿಯನ್ನು ಕಾನೂನೇ ಕಟ್ಟುತ್ತದೆ.
ಮೂರು ವರ್ಷ ಸುಮ್ಮನಿದ್ದರೆ ಮಾತ್ರ ಸಾಲವೇ ಸತ್ತುಹೋಗುತ್ತದೆ.

ಸಾಲಕ್ಕೆ ನಿಮ್ಮಲ್ಲಿ ಏನಂತಾರೆ, ಕೇಳಿದೆ.
"ಗೆಲ್."
ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ.
ಇನ್ನೊಮ್ಮೆ ಹೇಳಿಸಿದೆ. ಗೆಲ್.
ನಮ್ಮಲ್ಲಿ ಹಾಗಂದರೆ ಬೇರೆ, ಅಂದೆ.
ಏನು, ಅಂದಳು.
ಹೇಳಲಿಲ್ಲ. ನಿಮಿಷಕ್ಕೆ ದುಡ್ಡು ಅವಳಿಗೆ.

ಹತ್ತು ದಿನವನ್ನು ಕ್ಯಾಲೆಂಡರಿನಲ್ಲಿ ಗೀಚುತ್ತ ಬಂದೆ.
ಆರನೆಯ ದಿನ ಮರಳಿನ ನಾಗೋಜಿ ರಾಯರು ಬಂದರು,
ಚಪ್ಪಲಿ ಹೊರಗೆ ಬಿಟ್ಟು ಸ್ಟೂಲಿನ ಅಂಚಿಗೆ ಕೂತರು.
ಅಚ್ಚಿನ ಮರಳು, ಮೂರು ಲೋಡು, ದೀಪಾವಳಿಯಿಂದ ಬಾಕಿ.
"ಮುಂದಿನ ವಾರ ಖಂಡಿತ, ರಾಯರೇ.
ಸಾಹುಕಾರರು ಊರಲ್ಲಿಲ್ಲ."
ನನ್ನ ಬಾಯಿಂದಲೇ ಬಂತು,
ಅದೇ ಇಳಿದನಿ, ಅದೇ ಸ್ನೇಹ.
ಒಳಗೆ ಹಾಲೇಶಪ್ಪನವರು ಉಸಿರು ಹಿಡಿದು ಕೂತದ್ದು
ನನಗಂತೂ ಕೇಳುತ್ತಿತ್ತು.
ಟೀ ತರಿಸಿದೆ. ಕುಡಿಯಲಿಲ್ಲ ಅವರು.
ಕೆನೆ ಕಟ್ಟುವವರೆಗೆ ಲೋಟ ನೋಡಿ ಎದ್ದು ಹೋದರು.

ಒಂಬತ್ತನೆಯ ದಿನ ಹೋರ್ಸೆನ್ಸಿನ ಕಂಪನಿ ದಿವಾಳಿ.

ಇದ್ದಬದ್ದದ್ದನ್ನು ಮಾರಿ ಹಂಚುತ್ತಾರಂತೆ,
ಅರ್ಜಿ ಹಾಕಿ, ಅಂದಳು ಬಿರ್ಗಿಟ್ಟೆ, ನೂರಕ್ಕೆ ನಾಲ್ಕು ಬಂದರೂ ಬರಬಹುದು;
ಮೊದಲು ಅಲ್ಲಿನ ಕೆಲಸಗಾರರ ಸಂಬಳ, ಆಮೇಲೆ ನೀವು.
ರವೂಫ್ ಚಾಚಾಗೆ ತಿಳಿಸಿದಾಗ ಉಳಿ ಕೆಳಗಿಟ್ಟು
"ಅದು ಸರಿಯಾಗೇ ಇದೆಯಲ್ಲ" ಅಂದರು.
ಸ್ವಲ್ಪ ಹೊತ್ತಾದ ಮೇಲೆ
"ಬಾಗಿಲು ವಾಪಸ್ ಕೇಳ್ಬಹುದಾ?"

ಕೇಳಲಾಗದು, ಚಾಚಾ. ಅವು ಮಾರಿಹೋಗಿವೆ.
ಗುರುತಿಲ್ಲದ ಆರುನೂರ ನಲವತ್ತು ಮನೆಗಳಲ್ಲಿ
ಈ ರಾತ್ರಿ ಯಾರೋ ಕಾಲುಚೀಲದ ಕಾಲು ಚಾಚಿ ಕೂತಿರುತ್ತಾರೆ,
ಹಲಸಿನೆಲೆಯ ಹಿಂದೆ ಬೆಂಕಿ,
ಅವರು ಅಂಗಡಿಗೆ ಪೂರ್ತಿ ದುಡ್ಡು ಕೊಟ್ಟೇ ತಂದದ್ದು.

ಸಂಜೆ ಕ್ಯಾಶ್ ಪೆಟ್ಟಿಗೆ ಎಣಿಸಿದೆ.
ಒಂದು ಲೋಡು ಮರಳಿಗಾಗುವಷ್ಟಿತ್ತು.
ಸಾಹುಕಾರರನ್ನು ಕೇಳದೆ ಲಕೋಟೆಗೆ ಹಾಕಿ
ನಾಗೋಜಿ ರಾಯರಿಗೆ ಫೋನು ಹಚ್ಚಿದೆ.
ರಿಂಗಾಯಿತು. ರಿಂಗಾಗುತ್ತಲೇ ಇತ್ತು.
ನಮ್ಮ ನಂಬರು ನೋಡಿ
ಅವರು ಎತ್ತಲಿಲ್ಲ.