ನೀರಿನ ಗೂಡಂಗಡಿ, ಉಲಾನ್‌ಬಾತರ್

ಇಲ್ಲಿ ಯಜಮಾನ ಯಾರು ಅಂತ ಕೇಳಬೇಡ, ತಮ್ಮಾ.
ಯಾರೂ ಇಲ್ಲ. ಗುಡಾರಕ್ಕೊಂದು ಬೇಲಿ, ಬೇಲಿಗೊಂದು ನಾಯಿ,
ಅಷ್ಟೇ ಆಡಳಿತ.

ಡಬ್ಬ ಇಳಿಸು. ನಲವತ್ತು ಲೀಟರ್ ತುಂಬುವಷ್ಟರಲ್ಲಿ
ಬೇಕಾದ ಹೆಸರು ಹೇಳಿಬಿಡುತ್ತೇನೆ.

ಒಲೆಯ ಕೊಳವೆಗೆ ಗಾನ್‌ಸುಖ್. ನೀಲಿ ಗೇಟು.
ಬಡಿಯಬೇಡ, ಕೆಮ್ಮು; ನಾಯಿಗೆ ಕೆಮ್ಮು ಗೊತ್ತು.
ಮಗಳ ಶಾಲೆಗೆ ಓಯುನ್‌ಗೆರೆಲ್.
ಗುಮಾಸ್ತನ ಎದುರು ಅವಳು ಸುಮ್ಮನೆ ಕೂತರೆ ಸಾಕು,
ಕಾಗದ ತಾನಾಗಿ ಎದ್ದು ಬರುತ್ತದೆ.
ಸಾಲಕ್ಕೆ ಮಾತ್ರ ನಾನು ಯಾರನ್ನೂ ಹೇಳುವವಳಲ್ಲ.
ಹೇಳುವವರು ಸಿಗುತ್ತಾರೆ, ಅವರಿಂದ ದೂರವಿರು.

ಹೊಗೆ ಇಳಿದ ರಾತ್ರಿ ಮಗು ಉಸಿರಿಗೆ ಒದ್ದಾಡಿದರೆ
ಟೈರಿನ ಮೆಟ್ಟಿಲು ಹತ್ತು, ಡಾಕ್ಟರಮ್ಮ ಪಲಮ್.
ತೀರಿಕೊಂಡು ಎರಡು ಚಳಿಗಾಲವಾಯಿತು.
ಆದರೂ ಅದೇ ಹೆಸರು ಕೂಗು.
ಬಾಗಿಲು ತೆರೆಯುವವನು ಅವರ ಗಂಡ, ಲಾರಿ ಓಡಿಸುವವನು.
ಮದ್ದು ಗೊತ್ತಿಲ್ಲ, ಮಾತೂ ಕಡಿಮೆ.
ಗಾಡಿ ಮಾತ್ರ ಮೈನಸ್ ಮೂವತ್ತರಲ್ಲೂ
ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ.
ಆ ಹೆಸರು ಕಿವಿಗೆ ಬಿದ್ದರೆ
ಯಾಕೆ ಅಂತ ಕೇಳದೆ ಬೂಟು ಹುಡುಕುತ್ತಾನೆ.

ಬರೆದುಕೊಳ್ಳುತ್ತೀಯಾ? ಮಸಿ ಹೆಪ್ಪುಗಟ್ಟಿದೆ, ನೋಡು.
ಬಾಯಲ್ಲೇ ಹೇಳಿಕೊಳ್ಳುತ್ತ ಏರು,
ದಿಬ್ಬ ಮುಗಿಯುವ ಹೊತ್ತಿಗೆ ಬಾಯಿಪಾಠ.

ತಡಿ, ಮುಚ್ಚಳ ಬಿಗಿ ಮಾಡು. ಆ ಕಡೆ ಏನು ಮಾಡುತ್ತಿದ್ದೆ?
ಕುದುರೆಯ ಜೀನು ಹೊಲಿಯುತ್ತಿದ್ದೆಯಾ?
ಅಯ್ಯೋ, ಮೊದಲೇ ಹೇಳಬಾರದಿತ್ತೇ!
ದಪ್ಪ ಚರ್ಮಕ್ಕೆ ಸೂಜಿ ಹಾಕುವ ಕೈ ಸಿಗದೆ
ಹಸಿರು ಬೇಲಿಯ ಮುದುಕಿ
ಶರತ್ಕಾಲದಿಂದ ಒಂದೇ ಬೂಟಿನಲ್ಲಿ ಕುಂಟುತ್ತಿದ್ದಾಳೆ.

ನಿನ್ನ ಹೆಸರು ಏನಂದೆ?
ಜೋರಾಗಿ ಹೇಳು,
ನೀರಿನ ಸದ್ದಿಗೆ ಕೇಳಿಸಲಿಲ್ಲ.